ಪ್ರತಿ ವರ್ಷ ಉಳಿತಾಯ ಬಜೆಟ್, ಆದ್ರೆ ಪಾರ್ಕಿಂಗ್ ಗೆರೆ ಎಳೆಯೋಕೂ ದುಡ್ಡಿಲ್ಲ: ಪುರಸಭೆ ಲೆಕ್ಕ ಯಾರಿಗಾದ್ರೂ ಗೊತ್ತಾ?

ಕೋಟೆಬೀದಿ ಹುಡುಗ:
ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ನಮ್ಮದು ಪುರಸಭೆ ಇರುವ ಸಣ್ಣ ತಾಲ್ಲೂಕು ಕೇಂದ್ರ. ಊರಿನ ಹೆಸರು ಬೇಡ, ಎಲ್ಲ ಕಡೆ ಇದೇ ಕಥೆ ಇದ್ದ ಹಾಗಿದೆ. ಮಾರ್ಚ್ ಹತ್ತಿರ ಬಂದರೆ ಪತ್ರಿಕೆಯಲ್ಲಿ "ಪುರಸಭೆಯಿಂದ ಉಳಿತಾಯ ಬಜೆಟ್" ಅಂತ ಫೋಟೊ ಸಮೇತ ಬರುತ್ತದೆ. ಈ ಸಲ ಬಜೆಟ್ ಪೂರ್ವಭಾವಿ ಸಭೆಗೆ ನಾನೂ ಹೋಗಿದ್ದೆ. ಮಾರ್ಕೆಟ್ ರಸ್ತೆಯಲ್ಲಿ ಬೈಕ್ ನಿಲ್ಲಿಸಲು ಬಿಳಿ ಗೆರೆ ಎಳೆಸಿ ಅಂದೆ. ಅನುದಾನ ಇಲ್ಲ ಅಂದರು. ಕೆರೆಗೆ ಚರಂಡಿ ನೀರು ಸೇರುತ್ತಿದೆ ಅಂದೆ. ಡಿಪಿಆರ್ (ವಿವರವಾದ ಯೋಜನಾ ವರದಿ) ಕಳಿಸಿದ್ದೇವೆ ಅಂದರು. ಉಳಿತಾಯ ಅಂದ ಮೇಲೆ ದುಡ್ಡು ಇರಬೇಕಲ್ವಾ? ಎಲ್ಲಿದೆ ಅದು?

ಆಟೊ ಸ್ಟ್ಯಾಂಡ್:
ಎಲ್ಲಿರುತ್ತೆ, ಹೊಸ ಮಹಡಿ ಕಟ್ಟಿಸಿದವರ ಮನೇಲಿ ನೋಡಿ.

ಹಳೇ ಲೆಡ್ಜರ್:
ಆಟೊದವರ ಉತ್ತರ ಸುಲಭ. ಕೆಲವು ಕಡೆ ನಿಜವೂ ಇರಬಹುದು. ಆದರೆ ಕೇಳಿದ ಪ್ರಶ್ನೆಗೆ ಅದು ಉತ್ತರ ಅಲ್ಲ. ನಾನು ಪುರಸಭೆಗಳ ಲೆಕ್ಕ ಶಾಖೆಯಲ್ಲೇ ಕೆಲಸ ಮಾಡಿ ನಿವೃತ್ತನಾದವನು. ಉದ್ದ ಆದರೂ ಹೇಳಿಬಿಡುತ್ತೇನೆ.

ಬಜೆಟ್ ಪುಸ್ತಕದ ಮೊದಲ ಸಾಲೇ ಆರಂಭಿಕ ಶಿಲ್ಕು. ಹೋದ ವರ್ಷ ಖರ್ಚಾಗದೆ ಉಳಿದ ಎಲ್ಲ ಹಣ ಅದರಲ್ಲಿ ಬಂದು ಕೂರುತ್ತದೆ. ಗುತ್ತಿಗೆದಾರರು ಇಟ್ಟ ಭದ್ರತಾ ಠೇವಣಿಯೂ ಅಲ್ಲೇ. ಕುಡಿಯುವ ನೀರಿಗೇ ಬಂದು ಕೆಲಸ ಮುಗಿಯದೆ ಉಳಿದ ಅನುದಾನವೂ ಅಲ್ಲೇ. ನೀವು ಆಸ್ತಿ ತೆರಿಗೆ ಕಟ್ಟುವಾಗ ಅದರ ಜೊತೆ ಉಪಕರ ಕಟ್ಟುತ್ತೀರಲ್ಲ, ಅದೂ ಸ್ವಲ್ಪ ಕಾಲ ಅಲ್ಲೇ. ನೂರು ರೂಪಾಯಿ ತೆರಿಗೆಗೆ ಗ್ರಂಥಾಲಯಕ್ಕೆ 6, ಆರೋಗ್ಯಕ್ಕೆ 15, ಭಿಕ್ಷುಕರ ಪುನರ್ವಸತಿಗೆ 3 ರೂಪಾಯಿ. ಪುರಸಭೆ ಇದನ್ನು ವಸೂಲಿ ಮಾಡಿ ಆಯಾ ಇಲಾಖೆಗೆ ಕಟ್ಟಬೇಕು. ಬೇರೆಯವರ ದುಡ್ಡು ನಮ್ಮ ಪೆಟ್ಟಿಗೆಯಲ್ಲಿ ಇದ್ದಷ್ಟು ದಿನ ನಾವು ಶ್ರೀಮಂತರು, ಅಷ್ಟೇ. ಇದೆಲ್ಲ ಸೇರಿಸಿ, ಖರ್ಚು ಕಳೆದು ಉಳಿದದ್ದಕ್ಕೆ ಉಳಿತಾಯ ಅಂತ ಹೆಸರು. ಕೊರತೆ ಬಜೆಟ್ ಕಳಿಸಿದರೆ ಮೇಲಿನವರು ಪ್ರಶ್ನೆ ಹಾಕುತ್ತಾರೆ. ಆದ್ದರಿಂದ ಪುರಸಭೆ ಮಳಿಗೆಗಳ ಬಾಡಿಗೆ, ನೀರಿನ ಕರ, ಅಭಿವೃದ್ಧಿ ಶುಲ್ಕ ಎಲ್ಲವನ್ನೂ ಧಾರಾಳವಾಗಿ ಅಂದಾಜು ಮಾಡಿ ಉಳಿತಾಯ ತೋರಿಸುವುದು ರೂಢಿ.

ಇನ್ನು ಅನುದಾನ. ರಾಜ್ಯ ಹಣಕಾಸು ಆಯೋಗದ್ದು, ನಾವು ಎಸ್‌ಎಫ್‌ಸಿ ಅನ್ನುತ್ತೇವೆ. ಅದರಲ್ಲಿ ವೇತನದ್ದು ಸಂಬಳಕ್ಕೆ, ವಿದ್ಯುತ್ತಿನದ್ದು ಬೀದಿದೀಪ ಮತ್ತು ಪಂಪ್‌ಗಳ ಬಿಲ್ಲಿಗೆ. ಉಳಿಯುವುದು ಮುಕ್ತನಿಧಿ. ಹೆಸರಿಗೆ ಮುಕ್ತ. ಅದರಲ್ಲೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎತ್ತಿಡಬೇಕು. ಎತ್ತಿಡಲೇಬೇಕಾದ ಹಣ, ನನ್ನ ತಕರಾರಿಲ್ಲ. ಕೇಂದ್ರದ್ದು 15ನೇ ಹಣಕಾಸು ಆಯೋಗದ ಅನುದಾನ. 2021ರಿಂದ 2026ರ ಅವಧಿಗೆ ನಮ್ಮಂಥ ಊರುಗಳಿಗೆ ಬಂದ ನೂರರಲ್ಲಿ 30 ಕಸ ಮತ್ತು ನೈರ್ಮಲ್ಯಕ್ಕೆ, 30 ಕುಡಿಯುವ ನೀರಿಗೆ. ಉಳಿದ 40ರಲ್ಲಿ ಮಾತ್ರ ಊರಿನ ಅಗತ್ಯ ನೋಡಿ ಕೆಲಸ ಹಿಡಿಯಬಹುದಿತ್ತು. ಅದರ ಕ್ರಿಯಾ ಯೋಜನೆಗೂ ಜಿಲ್ಲಾಧಿಕಾರಿ ಒಪ್ಪಿಗೆ ಬೇಕಿತ್ತು.

ಹಾಗಾದರೆ ಪುರಸಭೆ ತನ್ನ ಇಷ್ಟದಂತೆ ಖರ್ಚು ಮಾಡುವ ಹಣ ಯಾವುದು? ಆಸ್ತಿ ತೆರಿಗೆ, ಮಳಿಗೆ ಬಾಡಿಗೆ, ನೀರಿನ ಕರ, ಪರವಾನಗಿ ಶುಲ್ಕ, ಸಂತೆ ಸುಂಕದ ಹರಾಜು. ಪಾರ್ಕಿಂಗ್ ಗೆರೆ, ಪಾರ್ಕಿನ ಬೆಂಚು, ಕೆರೆ ಏರಿ ಮೇಲಿನ ಗಿಡಕ್ಕೆ ನೀರು, ಇಂಥವೆಲ್ಲ ಬರಬೇಕಾದ್ದು ಇದರಿಂದಲೇ. ಇದೇ ಹಣದಲ್ಲಿ ಹೊರಗುತ್ತಿಗೆ ಚಾಲಕರ ಕೂಲಿ, ಟಿಪ್ಪರ್ ಡೀಸೆಲ್, ಸುಟ್ಟ ಮೋಟರ್ ರಿಪೇರಿ ಕೂಡ ಆಗಬೇಕು. ಈಗ ಹೇಳಿ, ಬಿಳಿ ಬಣ್ಣಕ್ಕೆ ಎಷ್ಟು ಉಳಿಯುತ್ತದೆ?

ಕೋಟೆಬೀದಿ ಹುಡುಗ:
ಸರ್, ಇಷ್ಟು ವಿವರ ಸಭೆಯಲ್ಲಿ ಯಾರೂ ಹೇಳಲಿಲ್ಲ. ಧನ್ಯವಾದ. ಹಾಗಾದರೆ ಬಜೆಟ್ ಸಭೆಗೆ ಹೋಗಿ ನಾವು ಕೇಳಬೇಕಾದ್ದು ಏನು?

ಹಳೇ ಲೆಡ್ಜರ್:
ಡಿಸಿಬಿ ತಃಖ್ತೆ ಕೇಳಿ. ಬೇಡಿಕೆ ಎಷ್ಟು, ವಸೂಲಿ ಎಷ್ಟು, ಬಾಕಿ ಎಷ್ಟು. ಆಸ್ತಿ ತೆರಿಗೆಗೆ ಒಂದು, ನೀರಿಗೆ ಒಂದು, ಮಳಿಗೆಗೆ ಒಂದು. ಮೂರು ಹಾಳೆ ಸಾಕು. ಮಳಿಗೆ ಬಾಕಿ ಹಾಳೆ ಕೇಳಿದಾಗ ಸಭೆಯಲ್ಲಿ ಕೆಲವರ ಮುಖ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಜವಳಿ ಅಂಗಡಿ:
ಮಾರ್ಕೆಟ್ ರಸ್ತೆಯಲ್ಲಿ ಅಂಗಡಿ ಇಟ್ಟುಕೊಂಡವನ ಮಾತೂ ಕೇಳಿ. ಗೆರೆ ಎಳೆದರೆ ಆಗುವುದು ಇಷ್ಟೇ. ಬೆಳಿಗ್ಗೆ 9ಕ್ಕೆ ಬ್ಯಾಂಕಿನವರು, ಕಚೇರಿಯವರು ಬಂದು ಗೆರೆಯೊಳಗೆ ಬೈಕ್ ನಿಲ್ಲಿಸಿ ಸಂಜೆ ತೆಗೆಯುತ್ತಾರೆ. ನನ್ನ ಗಿರಾಕಿ ಹಳ್ಳಿಯಿಂದ ಮದುವೆ ಬಟ್ಟೆಗೆ ಬರುತ್ತಾನೆ, ಕಾರಲ್ಲಿ ನಾಲ್ಕು ಹೆಂಗಸರು. ನಿಲ್ಲಿಸಲು ಜಾಗ ಇಲ್ಲದೆ ಸೀದಾ ಜಿಲ್ಲಾ ಕೇಂದ್ರಕ್ಕೆ ಹೋಗುತ್ತಾರೆ. ತೆರಿಗೆ ಕಟ್ಟುವವನು ನಾನು, ಜಾಗ ಅನುಭವಿಸುವವರು ಇನ್ಯಾರೋ. ಮೊದಲು ತಳ್ಳುಗಾಡಿ ಎತ್ತಿಸಿ, ಅರ್ಧ ರಸ್ತೆ ಖಾಲಿಯಾಗುತ್ತದೆ.

ಬೆಂಗಳೂರು ಬಸ್:
ಸಿಂಪಲ್. ಪೇ ಪಾರ್ಕಿಂಗ್ ಮಾಡಿ. ಗಂಟೆಗೆ ಹತ್ತು ರೂಪಾಯಿ, ಕ್ಯುಆರ್ ಕೋಡ್ ಅಂಟಿಸಿ. ದುಡ್ಡೂ ಬರುತ್ತೆ, ದಿನವಿಡೀ ನಿಲ್ಲಿಸೋದೂ ನಿಲ್ಲುತ್ತೆ. ಊರಿಗೆ ಬಂದಾಗೆಲ್ಲ ಇದೇ ಗೋಳು ನೋಡಿ ಸಾಕಾಗಿದೆ.

ಆಟೊ ಸ್ಟ್ಯಾಂಡ್:
ಗುರು, ನಮ್ಮೂರಲ್ಲಿ ಹತ್ತು ರೂಪಾಯಿ ಉಳಿಸೋಕೆ ಜನ ಆಟೊ ಬಿಟ್ಟು ನಡೆದುಕೊಂಡು ಹೋಗ್ತಾರೆ. ಬೈಕ್ ನಿಲ್ಲಿಸೋಕೆ ಹತ್ತು ಕೊಡ್ತಾರಾ? ಪಕ್ಕದ ಓಣಿಯಲ್ಲಿ ಯಾರದೋ ಮನೆ ಗೇಟಿಗೆ ಅಡ್ಡ ನಿಲ್ಲಿಸ್ತಾರೆ.

ಮಾಜಿ ಮೆಂಬರು:
ಒಂದು ಅವಧಿಗೆ ವಾರ್ಡ್ ಸದಸ್ಯನಾಗಿದ್ದೆ. ಬೈಯುವವರು ಬೈಯಿರಿ, ಅಭ್ಯಾಸ ಇದೆ. ಪಾರ್ಕಿಂಗ್ ವಿಷಯಕ್ಕೆ ಬರೋಣ.

ಆ ಮಾರ್ಕೆಟ್ ರಸ್ತೆ ಪುರಸಭೆಯದಲ್ಲ. ಊರ ನಡುವೆ ಹೋಗುವ ರಾಜ್ಯ ಹೆದ್ದಾರಿ, ಲೋಕೋಪಯೋಗಿ ಇಲಾಖೆಯದು. ಅಲ್ಲಿ ಎಲ್ಲಿ ನಿಲ್ಲಿಸಬಹುದು, ಎಲ್ಲಿ ಬಾರದು ಅಂತ ಅಧಿಸೂಚನೆ ಹೊರಡಿಸುವವರು ಜಿಲ್ಲಾಧಿಕಾರಿ. ಮೋಟಾರು ವಾಹನ ಕಾಯ್ದೆ ಮತ್ತು 1989ರ ಕರ್ನಾಟಕ ಮೋಟಾರು ವಾಹನ ನಿಯಮಗಳ ಅಡಿ ಅದು ಆಗಬೇಕು. ಪೊಲೀಸರು ವರದಿ ಕೊಡಬೇಕು, ಪುರಸಭೆ ಮತ್ತು ಪಿಡಬ್ಲ್ಯುಡಿ ಜೊತೆ ಜಂಟಿ ಸ್ಥಳ ಪರಿಶೀಲನೆ ಆಗಬೇಕು. ಆಮೇಲೆ ಬೋರ್ಡ್, ಬಣ್ಣದ ಖರ್ಚು ನಮ್ಮ ತಲೆಗೆ. ಅಧಿಸೂಚನೆ ಇಲ್ಲದೆ ಗೆರೆ ಎಳೆದರೆ ಅದು ರಂಗೋಲಿ ಇದ್ದ ಹಾಗೆ. ಯಾರಾದರೂ ದಂಡ ಕಟ್ಟಲ್ಲ ಅಂತ ನಿಂತರೆ ಪೊಲೀಸರ ಹತ್ತಿರ ಕಾಗದ ಇರಲ್ಲ.

ಪೇ ಪಾರ್ಕಿಂಗ್‌ಗೆ ಬೈಲಾ (ಪುರಸಭೆಯ ಉಪನಿಯಮ) ಮಾಡಬೇಕು, ಸರ್ಕಾರದ ಒಪ್ಪಿಗೆ ಬೇಕು, ಟೆಂಡರ್ ಕರೆಯಬೇಕು. ನಾವಿದ್ದಾಗ ಒಮ್ಮೆ ಸಾಮಾನ್ಯ ಸಭೆಯಲ್ಲಿ ವಿಷಯ ಬಂತು. ವರ್ತಕರು ಕಚೇರಿಗೆ ಬಂದು ಗಲಾಟೆ ಮಾಡಿದರು. ವಿಷಯ ಮುಂದೂಡಿದೆ ಅಂತ ನಡಾವಳಿಯಲ್ಲಿ ಬರೆದು ಕೈತೊಳೆದುಕೊಂಡೆವು.

ಜವಳಿ ಅಂಗಡಿಯವರೇ, ತಳ್ಳುಗಾಡಿ ಎತ್ತಿಸಿ ಅನ್ನುವುದು ಸುಲಭ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಮೊದಲು ಸಮೀಕ್ಷೆ ಆಗಬೇಕು, ಅದು ಮುಗಿಯುವವರೆಗೆ ಯಾರನ್ನೂ ಎತ್ತಿಸುವ ಹಾಗಿಲ್ಲ. ಪಟ್ಟಣ ಮಾರಾಟ ಸಮಿತಿ ಇರಬೇಕು, ಅದರಲ್ಲಿ ಶೇ 40 ಮಂದಿ ವ್ಯಾಪಾರಿಗಳೇ ಇರಬೇಕು. ಆ ಗಾಡಿಯವರಿಗೆ ಕೇಂದ್ರದ ಸ್ವನಿಧಿ ಸಾಲಕ್ಕೆ ಗುರುತಿನ ಚೀಟಿ ಕೊಟ್ಟಿದ್ದೂ ಪುರಸಭೆಯೇ. ಒಂದು ಕೈಯಲ್ಲಿ ಚೀಟಿ ಕೊಟ್ಟು ಇನ್ನೊಂದು ಕೈಯಲ್ಲಿ ತಕ್ಕಡಿ ಕಿತ್ತುಕೊಂಡರೆ ಕೋರ್ಟಿನಲ್ಲಿ ನಿಲ್ಲಲ್ಲ.

ಜವಳಿ ಅಂಗಡಿ:
ಕಾನೂನು ಗೊತ್ತು ಸ್ವಾಮಿ. ಗಾಡಿಯವರಿಗೆ ಕಾನೂನು ಇದೆ, ಕಚೇರಿಯವರಿಗೆ ಕಾನೂನು ಇದೆ. ಅಂಗಡಿಯವನಿಗೆ ಪರವಾನಗಿ ನವೀಕರಣದ ನೋಟಿಸ್ ಮಾತ್ರ ಇದೆ.

ಸಂಪಿಗೆ:
ಅಣ್ಣ, ಬೇಜಾರು ಮಾಡ್ಕೋಬೇಡಿ, ಒಂದು ಮಾತು ಕೇಳ್ತೀನಿ. ಮಾರ್ಕೆಟ್ ರಸ್ತೆಯ ಹೊಸ ಕಟ್ಟಡಗಳ ನಕ್ಷೆಯಲ್ಲಿ ನೆಲಮಾಳಿಗೆ ಪಾರ್ಕಿಂಗ್ ಅಂತ ತೋರಿಸಿ ಅನುಮತಿ ತಗೊಂಡಿರ್ತಾರಲ್ವಾ? ಇಳಿದು ನೋಡಿದರೆ ಅಲ್ಲಿ ಪಾತ್ರೆ ಅಂಗಡಿ, ಗೋದಾಮು, ಜಿಮ್ ಇದೆ. ಅಷ್ಟೂ ಜಾಗ ಖಾಲಿಯಾದರೆ ರಸ್ತೆ ಮೇಲೆ ಗೆರೆ ಬೇಕಾಗುತ್ತಾ?

ಹಳೇ ಲೆಡ್ಜರ್:
ಸಂಪಿಗೆ ಮೇಡಂ ಸರಿಯಾದ ಜಾಗಕ್ಕೇ ಕೈ ಹಾಕಿದರು. ರಸ್ತೆ ಪಿಡಬ್ಲ್ಯುಡಿಯದು ಇರಬಹುದು. ಕಟ್ಟಡ ಪರವಾನಗಿ ಮಾತ್ರ ಪೂರ್ತಿ ಪುರಸಭೆಯದು. ನಕ್ಷೆ ಮೀರಿದವರಿಗೆ ನೋಟಿಸ್ ಕೊಡಲು ಯಾವ ಅನುದಾನವೂ ಬೇಡ, ಯಾವ ಡಿಪಿಆರ್ ಕೂಡ ಬೇಡ. ಆದರೂ ಅದು ಆಗುವುದಿಲ್ಲ. ಏಕೆಂದರೆ ಆ ಕಟ್ಟಡಗಳ ಮಾಲೀಕರು ಊರಿನ ದೊಡ್ಡವರು. ಗೆರೆ ಎಳೆಸಿ ಅಂತ ಕೇಳುವವರಿಗೆ ದುಡ್ಡಿಲ್ಲ ಅನ್ನುವುದು ಸುಲಭ, ನೆಲಮಾಳಿಗೆ ಬಗ್ಗೆ ಕೇಳುವವರಿಗೆ ಏನು ಹೇಳುತ್ತಾರೆ ನೋಡೋಣ.

ಜವಳಿ ಅಂಗಡಿ:
ನನ್ನದು ಹಳೇ ಕಟ್ಟಡ. ನೆಲಮಾಳಿಗೆಯೇ ಇಲ್ಲ. ಹೇಳಿದೆ ಅಷ್ಟೇ.

ಬೆಂಗಳೂರು ಬಸ್:
ಹಾಗಾದ್ರೆ ನಮ್ಮೂರಿನ ಸಮಸ್ಯೆ ದುಡ್ಡಲ್ಲ, ಧೈರ್ಯ.

ಮಾಜಿ ಮೆಂಬರು:
ಎರಡೂ. ಬೆಂಗಳೂರಲ್ಲಿ ಕೂತು ಒಂದೇ ಸಾಲಲ್ಲಿ ಮುಗಿಸಬೇಡಿ ತಮ್ಮ. ನಮ್ಮ ಕೌನ್ಸಿಲ್ ಪರಿಸ್ಥಿತಿಯನ್ನೂ ನೋಡಿ. 2018ರಲ್ಲಿ ಚುನಾವಣೆ ಗೆದ್ದವರಿಗೆ ಅಧ್ಯಕ್ಷರ ಆಯ್ಕೆ ಆಗಿದ್ದು 2020ರಲ್ಲಿ. ಮೀಸಲಾತಿ ಪಟ್ಟಿ ಕೋರ್ಟಿನಲ್ಲಿತ್ತು. ಅಧ್ಯಕ್ಷ ಸ್ಥಾನದ ಮೊದಲ ಅವಧಿ ಮುಗಿದ ಮೇಲೆ ಎರಡನೇ ಅವಧಿಯ ಪಟ್ಟಿ ಬಂದಿದ್ದು 2024ರ ಆಗಸ್ಟಿನಲ್ಲಿ. ನಡುವೆ ಆಡಳಿತಾಧಿಕಾರಿ. ಅವರಿಗೆ ಇದು ಹತ್ತು ಕೆಲಸದಲ್ಲಿ ಒಂದು. ಬಜೆಟ್ಟಿಗೆ ಸಹಿ ಹಾಕುತ್ತಾರೆ, ಹೋಗುತ್ತಾರೆ. ಹಿಡಿದು ಕೇಳಲು ಸದಸ್ಯನಿಗೆ ಅಧಿಕಾರ ಇಲ್ಲ, ಆದರೆ ಬೀದಿಯಲ್ಲಿ ಸಿಕ್ಕವರೆಲ್ಲ ಸದಸ್ಯನನ್ನೇ ಹಿಡಿಯುತ್ತಾರೆ.

ನಮ್ಮ ತಪ್ಪೂ ಇದೆ. ದುಡ್ಡು ಬಂದ ತಕ್ಷಣ ವಾರ್ಡಿಗೆ ಸಮಪಾಲು ಅಂತ ಹಂಚಿಕೊಳ್ಳುತ್ತೇವೆ. ಒಬ್ಬೊಬ್ಬರಿಗೆ ಸಿಗುವುದರಲ್ಲಿ ಒಂದು ಚರಂಡಿ ತುಂಡು, ಒಂದು ಸಿಸಿ ರಸ್ತೆ ತುಂಡು. ತುಂಡು ಗುತ್ತಿಗೆಯವನಿಗೂ ಖುಷಿ, ವಾರ್ಡಿಗೂ ಖುಷಿ. ಆ ಚರಂಡಿ ಮುಂದೆ ಎಲ್ಲಿಗೆ ಸೇರುತ್ತದೆ ಅಂತ ಯಾರೂ ಕೇಳಲ್ಲ. ಕೆರೆಗೆ ಸೇರುತ್ತದೆ, ಇನ್ನೆಲ್ಲಿಗೆ.

ಕೋಟೆಬೀದಿ ಹುಡುಗ:
ಹ್ಞಾಂ, ಕೆರೆ ವಿಷಯ. ಅದಕ್ಕೇ ಬರೋಣ. ಏರಿ ಮೇಲೆ ವಾಕಿಂಗ್ ಪಾತ್, ಅಲಂಕಾರದ ದೀಪ, ಸೆಲ್ಫಿ ಪಾಯಿಂಟ್ ಎಲ್ಲ ಆಗಿದೆ. ನೀರು ಮಾತ್ರ ಹಸಿರು. ಸಂಜೆ ಮೂಗು ಮುಚ್ಚಿಕೊಂಡು ವಾಕ್ ಮಾಡಬೇಕು.

ಸಂಪಿಗೆ:
ಕೆರೆ ಯಾರದು ಅಂತ ಮೊದಲು ನೋಡಿ. ಅಚ್ಚುಕಟ್ಟು, ಅಂದರೆ ಕೆರೆ ನೀರು ಉಣ್ಣುವ ಜಮೀನು, 40 ಹೆಕ್ಟೇರ್‌ಗಿಂತ ಕಡಿಮೆ ಇರುವ ಕೆರೆ ಸಾಮಾನ್ಯವಾಗಿ ಜಿಲ್ಲಾ ಪಂಚಾಯಿತಿಯದು, ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆಯದು. ನಮ್ಮ ಸ್ವಸಹಾಯ ಸಂಘದಿಂದ ಅರ್ಜಿ ಹಿಡಿದು ಹೋದಾಗ ಒಂದು ಕಚೇರಿ ಇನ್ನೊಂದಕ್ಕೆ ಕಳಿಸಿತು, ಆ ಕಚೇರಿ ತಹಶೀಲ್ದಾರರ ಹತ್ತಿರ ಸರ್ವೆ ಮಾಡಿಸಿಕೊಂಡು ಬನ್ನಿ ಅಂತು. ಬೇಲಿ, ದೀಪಕ್ಕೆ ಬೇಗ ದುಡ್ಡು ಸಿಗುತ್ತೆ, ಉದ್ಘಾಟನೆ ಮಾಡಬಹುದು ನೋಡಿ. ಕೊಳಚೆ ತಡೆಯುವ ಪೈಪು ನೆಲದೊಳಗೆ ಇರುತ್ತೆ, ಅದಕ್ಕೆ ಟೇಪ್ ಕತ್ತರಿಸೋಕೆ ಯಾರು ಬರ್ತಾರೆ?

ಹಳೇ ಲೆಡ್ಜರ್:
ಒಳಚರಂಡಿ ಅಂದರೆ ಸಣ್ಣ ಊರಿಗೆ ದೊಡ್ಡ ಹೊರೆ. ಕೆಲಸ ಮಾಡುವುದು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ರಸ್ತೆ ಅಗೆದು, ಪೈಪು ಹಾಕಿ, ಶುದ್ಧೀಕರಣ ಘಟಕ ಕಟ್ಟಿ ಪುರಸಭೆಗೆ ಒಪ್ಪಿಸುತ್ತಾರೆ. ಕಟ್ಟಲು ಅನುದಾನ ಬರುತ್ತದೆ. ನಡೆಸಲು ಬರುವುದಿಲ್ಲ. ಕರೆಂಟ್ ಬಿಲ್, ಆಪರೇಟರ್ ಸಂಬಳ ಪ್ರತಿ ತಿಂಗಳೂ ಸ್ವಂತ ಹಣದಿಂದ ಹೋಗಬೇಕು. ಆದ್ದರಿಂದ ಕಟ್ಟಿದ ಘಟಕ ಓಡದೆ ನಿಲ್ಲುತ್ತದೆ.

ನಂದಿ ಕಡೆಯವ:
ಇಲ್ಲಿ ದೇವನಹಳ್ಳಿ ಉದಾಹರಣೆ ಹೇಳಬೇಕು. ಅದೂ ಪುರಸಭೆಯೇ. ಒಳಚರಂಡಿ ಇಲ್ಲದ ಕಾಲದಲ್ಲಿ, 2015ರಲ್ಲಿ, ಅಲ್ಲಿ ಮಲತ್ಯಾಜ್ಯ ಸಂಸ್ಕರಣಾ ಘಟಕ ಶುರುವಾಯಿತು. ಸಿಡಿಡಿ ಸೊಸೈಟಿ ಅನ್ನುವ ಸರ್ಕಾರೇತರ ಸಂಸ್ಥೆಯವರು ಮಾಡಿದ್ದು. ದೇಶದಲ್ಲೇ ಪಟ್ಟಣದ ಮಟ್ಟದಲ್ಲಿ ಮೊದಲನೆಯದು ಅಂತ ಹೆಸರು. ದಿನಕ್ಕೆ 6 ಸಾವಿರ ಲೀಟರ್ ಸಾಮರ್ಥ್ಯ. ಮನೆಗಳ ಪಿಟ್ ಖಾಲಿ ಮಾಡುವ ಸಕ್ಕಿಂಗ್ ಲಾರಿ ಅದನ್ನು ಕೆರೆಗೋ ಹೊಲಕ್ಕೋ ಸುರಿಯುವ ಬದಲು ಘಟಕಕ್ಕೆ ತರುತ್ತದೆ. ದೊಡ್ಡ ಯಂತ್ರ ಇಲ್ಲ, ಹೆಚ್ಚಿನ ಹರಿವು ಇಳಿಜಾರಿನಲ್ಲೇ ಆಗುತ್ತದೆ. ಒಣಗಿದ್ದನ್ನು ಊರಿನ ಹಸಿ ಕಸದ ಜೊತೆ ಸೇರಿಸಿ ಗೊಬ್ಬರ ಮಾಡುತ್ತಾರೆ.

ಆದರೆ ಇದು ಪಿಟ್ಟಿನ ಮಲಕ್ಕೆ ಮಾತ್ರ. ಬಚ್ಚಲು, ಅಡುಗೆಮನೆ ನೀರು ಚರಂಡಿಯಲ್ಲಿ ಹರಿದು ಬರುವುದಕ್ಕೆ ಬೇರೆ ದಾರಿ ಬೇಕು. ಕೆಲವರು ಇದೊಂದೇ ಮಾಡಿದರೆ ಕೆರೆ ತಿಳಿಯಾಗುತ್ತದೆ ಅಂತ ಭಾಷಣ ಮಾಡುತ್ತಾರೆ, ನಂಬಬೇಡಿ.

ಮಾಜಿ ಮೆಂಬರು:
ನಮ್ಮ ಊರಿನ ಸಕ್ಕಿಂಗ್ ಲಾರಿ ಎಲ್ಲಿ ಸುರಿಯುತ್ತದೆ ಅಂತ ಕೇಳಿದರೆ ಚಾಲಕ ನಗುತ್ತಾನೆ.

ಸಂಪಿಗೆ:
ಕಸದ ವಿಷಯವನ್ನೂ ಇಲ್ಲೇ ಹೇಳ್ತೀನಿ, ಬಜೆಟ್ಟಿಗೆ ಸಂಬಂಧ ಇದೆ. 2016ರ ಘನತ್ಯಾಜ್ಯ ನಿಯಮದಲ್ಲಿ ಹಸಿ ಕಸ, ಒಣ ಕಸ, ಮನೆಯ ಅಪಾಯಕಾರಿ ಕಸ ಅಂತ ಮೂರು ಭಾಗ ಮಾಡಿ ಕೊಡಬೇಕು ಅಂತ ಬಂತು. ಬಳಕೆದಾರರ ಶುಲ್ಕ ವಸೂಲಿ ಮಾಡಬೇಕು ಅಂತಲೂ ಬಂತು. ನಮ್ಮ ಬೀದಿಯಲ್ಲಿ ಮನೆಮನೆಗೆ ಹೋಗಿ ಹೇಳಿದ್ವಿ. ಅರ್ಧ ಬೀದಿ ಬೇರೆ ಮಾಡಿ ಕೊಡೋಕೆ ಶುರು ಮಾಡಿತು. ಗಾಡಿಯವನು ಎರಡನ್ನೂ ಒಂದೇ ಕಡೆ ಸುರಿದ. ಯಾಕಪ್ಪ ಅಂದ್ರೆ ಗಾಡಿ ನಡುವಿನ ತಗಡು ಮುರಿದು ಹೋಗಿದೆ, ರಿಪೇರಿಗೆ ಬಿಲ್ ಆಗಿಲ್ಲ ಅಂದ. ಮಾರನೇ ವಾರ ಬೀದಿಯವರೆಲ್ಲ ಮತ್ತೆ ಒಂದೇ ಬಕೆಟ್. ನಾನು ಯಾವ ಮುಖ ಇಟ್ಟುಕೊಂಡು ಕೇಳಲಿ?

ಪೌರಕಾರ್ಮಿಕರ ಲೆಕ್ಕವೂ ಹಾಗೇ. 700 ಜನಕ್ಕೆ ಒಬ್ಬರು ಅನ್ನೋದು ಸರ್ಕಾರದ ಮಾನದಂಡ. ಊರು ಬೆಳೆದು ಬಡಾವಣೆ ಜಾಸ್ತಿ ಆದರೂ ಗುಡಿಸುವ ಕೈಗಳು ಅಷ್ಟೇ. ಜೂನ್ 5ಕ್ಕೆ ಸಸಿ ನೆಡೋಕೂ ಅವರೇ, ಗುಂಡಿ ತೆಗೆಯೋಕೂ ಅವರೇ. ಫೋಟೊದಲ್ಲಿ ಮಾತ್ರ ಅವರು ಇರಲ್ಲ.

ಆಟೊ ಸ್ಟ್ಯಾಂಡ್:
ಹೋದ ವರ್ಷ ನೆಟ್ಟ ಗುಂಡಿಯಲ್ಲೇ ಈ ವರ್ಷವೂ ನೆಟ್ಟರು. ಗುಂಡಿ ಖರ್ಚು ಉಳಿತಾಯ. ಬಜೆಟ್ ಉಳಿತಾಯ ಅಂದ್ರೆ ಇದೇ ಇರಬೇಕು.

ಹಳೇ ಲೆಡ್ಜರ್:
😄 ಅದು ಲೆಕ್ಕ ಪುಸ್ತಕದಲ್ಲಿ ಬರಲ್ಲ ಬಿಡಿ.

ಸಂಪಿಗೆ ಮೇಡಂ ಹೇಳಿದ ತಗಡಿನ ಕಥೆ ಗಮನಿಸಿ. ಹೊಸ ಟಿಪ್ಪರ್ ಕೊಳ್ಳಲು ಸ್ವಚ್ಛ ಭಾರತ್ ಅನುದಾನ ಸಿಗುತ್ತದೆ. ಹಳೇ ಟಿಪ್ಪರಿನ ತಗಡು ಬೆಸುಗೆ ಹಾಕಿಸಲು ಪುರಸಭೆ ನಿಧಿಯೇ ಬೇಕು. ಆದ್ದರಿಂದ ಕಚೇರಿ ಹಿಂದೆ ಹೊಸ ಗಾಡಿಗಳು ಹಳೇ ಗಾಡಿಯಾಗಿ ನಿಂತಿರುತ್ತವೆ. ಪಾರ್ಕಿಂಗ್, ಕೆರೆ, ಕಸ ಮೂರಕ್ಕೂ ಒಂದೇ ರೋಗ. ಕೊಳ್ಳಲು, ಕಟ್ಟಲು ಹಣ ಮೇಲಿಂದ ಬರುತ್ತದೆ. ನೋಡಿಕೊಳ್ಳುವ ಹಣ ಊರೇ ಹುಟ್ಟಿಸಬೇಕು, ಅಲ್ಲೇ ಎಡವುತ್ತೇವೆ.

ಬೆಂಗಳೂರು ಬಸ್:
ಅಂದ್ರೆ ತೆರಿಗೆ ಜಾಸ್ತಿ ಮಾಡಿ ಅಂತೀರಾ ಸರ್? ಅದನ್ನ ಹೇಳಿದ ಮೆಂಬರ್ ಮತ್ತೆ ಗೆಲ್ಲಲ್ಲ.

ಹಳೇ ಲೆಡ್ಜರ್:
ದರ ಏರಿಸುವ ಮೊದಲು ಪಟ್ಟಿಗೇ ಬರದ ಆಸ್ತಿಗಳನ್ನು ಸೇರಿಸಲಿ. ನಿಮ್ಮ ಊರಿನ ಸುತ್ತ ಕಂದಾಯ ನಿವೇಶನಗಳಲ್ಲಿ (ಬಡಾವಣೆ ಅನುಮತಿ ಇಲ್ಲದೆ ಹೊಲ ತುಂಡು ಮಾಡಿ ಮಾರಿದ ಜಾಗ) ಎಷ್ಟು ಮನೆ ಎದ್ದಿವೆ ನೋಡಿ. ಅವರಿಗೂ ನೀರು ಬೇಕು, ದೀಪ ಬೇಕು, ಕಸದ ಗಾಡಿ ಬೇಕು. ತೆರಿಗೆ ಪಟ್ಟಿಯಲ್ಲಿ ಹೆಸರಿಲ್ಲ. 2025ರ ಫೆಬ್ರುವರಿಯಲ್ಲಿ, ಇಂಥ ಅನುಮತಿ ಇಲ್ಲದ ಆಸ್ತಿಗಳನ್ನೂ ದಾಖಲೆಗೆ ತರುವ ಬಿ ಖಾತಾ ಅಭಿಯಾನ ಶುರು ಮಾಡಿದ್ದಕ್ಕೆ ಇದೂ ಒಂದು ಕಾರಣ. ಎರಡನೆಯದು, ನೆಲಮಹಡಿ ಅಂಗಡಿ, ಮೇಲೆ ಲಾಡ್ಜ್, ಆದರೆ ಸ್ವಯಂ ಘೋಷಣೆಯಲ್ಲಿ ವಾಸದ ಮನೆ. ಇಂಥವು ಎಷ್ಟಿವೆ ಅಂತ ಬಿಲ್ ಕಲೆಕ್ಟರಿಗೆ ಬಾಯಿಪಾಠ ಬರುತ್ತದೆ. ಮೂರನೆಯದು ಮಳಿಗೆ. ಬಾಡಿಗೆಗೆ ಹಿಡಿದವನೊಬ್ಬ, ಒಳಗೆ ಕೂತು ವ್ಯಾಪಾರ ಮಾಡುವವನು ಇನ್ನೊಬ್ಬ. ಪುರಸಭೆಗೆ ಹಳೇ ಬಾಡಿಗೆ, ಮಧ್ಯದವನಿಗೆ ಈಗಿನ ಬಾಡಿಗೆ.

ಕೇಂದ್ರದ ಅನುದಾನಕ್ಕೂ ಇದರ ನಂಟಿದೆ. ಲೆಕ್ಕ ಪರಿಶೋಧನೆ ಆಗಿ ಜನರಿಗೆ ಕಾಣುವಂತೆ ಆನ್‌ಲೈನ್‌ನಲ್ಲಿ ಇರಬೇಕು, ಆಸ್ತಿ ತೆರಿಗೆ ವಸೂಲಿ ರಾಜ್ಯದ ಆರ್ಥಿಕ ಬೆಳವಣಿಗೆಗೆ ತಕ್ಕಂತೆ ಏರಬೇಕು ಅಂತ 15ನೇ ಆಯೋಗ ಷರತ್ತು ಹಾಕಿತ್ತು. 2026-27ರಿಂದ 16ನೇ ಆಯೋಗದ ಅವಧಿ. ಸ್ವಂತ ವಸೂಲಿ ಮಾಡದ ಊರಿಗೆ ಮುಂದೆ ಸುಲಭ ಆಗುತ್ತದೆ ಅಂತ ನನಗಂತೂ ಅನಿಸುವುದಿಲ್ಲ.

ಜವಳಿ ಅಂಗಡಿ:
ಏಪ್ರಿಲ್‌ನಲ್ಲೇ ಕಟ್ಟಿ ಶೇ 5 ರಿಯಾಯಿತಿ ತಗೊಳ್ಳುವವನು ನಾನು. ಮಧ್ಯದವರ ಮಾತು ನಿಜ, ನನ್ನ ಎದುರು ಸಾಲಿನಲ್ಲೇ ಇದೆ. ಆದರೆ ಅವರ ಬಗ್ಗೆ ನಾನು ಎದ್ದು ನಿಂತು ಹೇಳಿದರೆ ನಾಳೆ ಅಂಗಡಿ ಮುಂದೆ ಚರಂಡಿ ಅಗೆದು ಹಾಗೇ ಬಿಟ್ಟು ಹೋಗುತ್ತಾರೆ. ಸುಮ್ನೆ ಇರೋದು ಒಳ್ಳೇದು ಅಂತ ಇದ್ದೇನೆ.

ಕೋಟೆಬೀದಿ ಹುಡುಗ:
ಒಬ್ಬರೇ ಹೇಳುವುದು ಬೇಡ ಅಣ್ಣ. ಮಾಹಿತಿ ಹಕ್ಕಿನಲ್ಲಿ ನಾನು ಅರ್ಜಿ ಹಾಕುತ್ತೇನೆ. ಕೇಳುವುದು ಇಷ್ಟು: ಮೂರು ಡಿಸಿಬಿ ಹಾಳೆ, ಮಳಿಗೆ ಹಿಡಿದವರ ಪಟ್ಟಿ ಮತ್ತು ಬಾಡಿಗೆ, ಮಾರ್ಕೆಟ್ ರಸ್ತೆಯ ವಾಣಿಜ್ಯ ಕಟ್ಟಡಗಳ ಮಂಜೂರಾದ ನಕ್ಷೆ, ಪಾರ್ಕಿಂಗ್ ಬಗ್ಗೆ ಡಿಸಿ ಕಚೇರಿಗೆ ಪತ್ರ ಹೋಗಿದ್ದರೆ ಅದರ ಪ್ರತಿ. ಇನ್ನೇನಾದರೂ ಸೇರಿಸಬೇಕಾ?

ಹಳೇ ಲೆಡ್ಜರ್:
ನಕ್ಷೆಯನ್ನು ಬೇರೆ ಅರ್ಜಿಯಲ್ಲಿ ಕೇಳಿ. ಎಲ್ಲ ಒಂದರಲ್ಲಿ ಹಾಕಿದರೆ ಬೇರೆ ಬೇರೆ ಶಾಖೆ ಅಂತ ಹೇಳಿ ಓಡಾಡಿಸುತ್ತಾರೆ. ಅದಕ್ಕಿಂತ ಮೊದಲು ಒಂದು ದಿನ ಕಚೇರಿಗೆ ಹೋಗಿ ಬಾಯಲ್ಲೇ ಕೇಳಿ ನೋಡಿ. ಲೆಕ್ಕದವರು ಕೆಟ್ಟವರಲ್ಲ. ಕೇಳಲು ಯಾರೂ ಬರುವುದಿಲ್ಲ ಅನ್ನುವುದೇ ಅವರಿಗೂ ಬೇಜಾರು.

ಸಂಪಿಗೆ:
ಸಕ್ಕಿಂಗ್ ಲಾರಿಯ ಲಾಗ್ ಪುಸ್ತಕ ಸೇರಿಸಿ. ಎಲ್ಲಿಂದ ತುಂಬಿತು, ಎಲ್ಲಿ ಸುರಿಯಿತು. ನಮ್ಮ ಸಂಘದಿಂದ ನಾಲ್ಕು ಜನ ಬರ್ತೀವಿ.

ಮಾಜಿ ಮೆಂಬರು:
ನಾನೂ ಬರುತ್ತೇನೆ. ಬಜೆಟ್ ಮಂಡನೆಗೆ ಮೊದಲೇ ಹೋಗಬೇಕು, ಆಮೇಲೆ ಹೋದರೆ ಮುಂದಿನ ವರ್ಷ ನೋಡೋಣ ಅನ್ನುತ್ತಾರೆ. ಸೋಮವಾರ ಬೆಳಿಗ್ಗೆ ಆಗುತ್ತಾ?

ಜವಳಿ ಅಂಗಡಿ:
ಸೋಮವಾರ ಸಂತೆ. ಮಂಗಳವಾರ ಆದರೆ ಬರುತ್ತೇನೆ. ಮಾತಾಡೋದು ಮಾತ್ರ ನೀವೇ.